ಭಾನುವಾರದ ಟ್ರ್ಯಾಕ್ಟರು

“ಇಲ್ನೋಡಿ, ಒಳಗಡೆ ಇನ್ನೂ ಕೆಮ್ಮಣ್ಣು ಹಂಗೇ ಮೆತ್ಕಂಡೈತೆ,” ಎನ್ನುತ್ತ ಸೊಣ್ಣಮ್ಮ ಹಿಂದಿನ ಚಕ್ರದ ಸಂದಿಗೆ ಕೈ ತೂರಿಸಿ ತೆಂಗಿನ ನಾರಿನಿಂದ ಉಜ್ಜಿದಳು. ಅವಳ ಗಂಡ ಮುನಿರಾಮಯ್ಯ ಬಾನಿಯಿಂದ ಚೊಂಬಿನಲ್ಲಿ ನೀರು ಮೊಗೆದು ಅವಳ ಕೈಯಿದ್ದ ಕಡೆಗೆ ಸುರಿದ. ಶನಿವಾರದ ಸಂಜೆ. ಹೊಂಗೆ ಮರದ ಕೆಳಗೆ ಆ ಪುಟ್ಟ ಟ್ರ್ಯಾಕ್ಟರು ಮೈತೊಳೆಸಿಕೊಳ್ಳುವ ಹೋರಿಯ ಹಾಗೆ ನೀರು ಸೋರಿಸಿಕೊಂಡು ನಿಂತಿತ್ತು. ಎತ್ತರದಲ್ಲಿ ಅದು ಮುನಿರಾಮಯ್ಯನ ಎದೆಗೂ ಬರುತ್ತಿರಲಿಲ್ಲ. ಗಿಡಗಳ ಸಾಲಿನ ನಡುವೆ ನುಸುಳಿ ಹೋಗಲೆಂದೇ ಯಾವುದೋ ಸೀಮೆಯಲ್ಲಿ ಮಾಡಿದ ತೋಟದ ಗಾಡಿ ಅದು.

“ಬಿಡು, ಅಲ್ಲಿ ಯಾರು ಬಗ್ಗಿ ನೋಡ್ತಾರೆ,” ಎಂದ ಮುನಿರಾಮಯ್ಯ.

“ಯಾರು ನೋಡ್ತಾರೆ? ನನ್ ತಮ್ಮ ನೋಡ್ತಾನೆ. ಬಂದೋನು ಮೊದ್ಲು ಕೈಕಾಲು ತೊಳೀತಾನೋ ಇದರ ಕೆಳಗೆ ತಲೆ ಹಾಕ್ತಾನೋ, ನಿಮಗೇ ಗೊತ್ತು.”

ಮುನಿರಾಮಯ್ಯ ನಕ್ಕ. ಕಳ್ಳತನ ಮಾಡಿ ಜೊತೆಗಾರನನ್ನು ನೋಡಿ ನಗುವ ನಗು. ಸೊಣ್ಣಮ್ಮನಿಗೂ ನಗು ಬಂತು. ಸೆರಗಿನಿಂದ ಬಾಯಿ ಒರೆಸಿಕೊಳ್ಳುವಂತೆ ಮಾಡಿ ಮರೆಸಿದಳು. ನೀರು ಬಸಿದ ಮೇಲೆ ಅವನು ಹಳೆ ಪಂಚೆಯ ಚೂರಿಗೆ ಸೀಮೆಎಣ್ಣೆ ಅದ್ದಿ ಮೈಯೆಲ್ಲ ಒರೆಸಿದ. ಗಾಡಿ ಹಸಿರಾಗಿ ಹೊಳೆಯಿತು. ವಾರವೆಲ್ಲ ಅದು ಹಿಪ್ಪುನೇರಳೆ ತೋಟದಲ್ಲಿ ಕುಂಟೆ ಎಳೆದಿತ್ತು ಎಂಬುದಕ್ಕೆ ಈಗ ಯಾವ ಗುರುತೂ ಇರಲಿಲ್ಲ.

ಈ ಗಾಡಿ ಅವರ ಮನೆಗೆ ಬಂದು ಬಹಳ ವರ್ಷವಾಗಿತ್ತು. ಮುನಿರಾಮಯ್ಯ ಮೀಸೆ ಮೂಡುವ ವಯಸ್ಸಿನಲ್ಲಿ ದೇವನಹಳ್ಳಿ ದಾರಿಯಲ್ಲಿದ್ದ ಒಬ್ಬ ಬಿಳಿಯ ದೊರೆಯ ಚಕ್ಕೋತ ತೋಟದಲ್ಲಿ ಕೂಲಿಗಿದ್ದ. ದೊರೆಗೆ ಆ ಟ್ರ್ಯಾಕ್ಟರೆಂದರೆ ಪ್ರಾಣ. ತಾನೇ ಓಡಿಸುತ್ತಿದ್ದ, ಬೇರೆಯವರಿಗೆ ಕೊಡುತ್ತಿರಲಿಲ್ಲ. ಮುನಿರಾಮಯ್ಯನ ಕೆಲಸ ಅದರ ಹಿಂದೆ ನಡೆಯುತ್ತ ಬೇರು ಕಲ್ಲು ಆರಿಸುವುದು, ಸಂಜೆ ಅದನ್ನು ತೊಳೆದು ಒರೆಸಿ ಗಾಡಿಮನೆಯೊಳಗೆ ನಿಲ್ಲಿಸಲು ಕೈಜೋಡಿಸುವುದು. ದೊರೆ ಸತ್ತ. ಅಷ್ಟು ಹೊತ್ತಿಗೆ ಗಾಡಿಯೂ ಕೆಟ್ಟು ನಿಂತಿತ್ತು. ಅವನ ಹೆಂಡತಿ ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ, “ಬೇಕಾದರೆ ತಗೊಂಡು ಹೋಗು” ಎಂದು ಕೈ ತೋರಿಸಿದಳಂತೆ. ಎತ್ತಿನ ಗಾಡಿಯ ಮೇಲೆ ಟ್ರ್ಯಾಕ್ಟರು ಹೇರಿಕೊಂಡು ಬೂದಿಗೆರೆ ಹಾದು ಊರಿಗೆ ಬಂದ ಮುನಿರಾಮಯ್ಯನನ್ನು ನೋಡಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆಮೇಲೆ ಅದು ಹುಲ್ಲಿನ ಕೊಟ್ಟಿಗೆ ಸೇರಿತು. ಕೋಳಿಗಳು ಅದರ ಸೀಟಿನ ಕೆಳಗೆ ಮೊಟ್ಟೆಯಿಡಲು ಕಲಿತವು.

ಸೊಣ್ಣಮ್ಮನ ತಮ್ಮ ಸಂಜೀವಪ್ಪ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ತಾಯಿ ಬೇಗ ಹೋದದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಸೊಣ್ಣಮ್ಮನೇ. ಮದುವೆಯಾಯಿತು, ಹೆಂಡತಿ ಮೊದಲ ಹೆರಿಗೆಯಲ್ಲೇ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಅಲ್ಲಿಂದ ಅವನು ಊರಿನ ಕಡೆ ಮುಖ ಹಾಕುವುದನ್ನೇ ಬಿಟ್ಟ. ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ ಬಂದರೂ ಉಂಡು, ಗೋಡೆಗೊರಗಿ ಕೂತು, ಸಂಜೆ ಬಸ್ಸಿಗೆ ಎದ್ದುಬಿಡುವನು. ಏನಾದರೂ ಕೇಳಿದರೆ “ಹೂಂ ಅಕ್ಕ, ಚೆನ್ನಾಗಿವ್ನಿ” ಎನ್ನುವನು. ತನ್ನ ಮಗಳನ್ನು ಹೊಸಕೋಟೆ ಕಡೆಗೆ ಕೊಟ್ಟ ಮೇಲೆ ಸೊಣ್ಣಮ್ಮನಿಗೆ ಮನೆಯಲ್ಲಿ ಮಾತಾಡಲು ಗಂಡ, ರೇಷ್ಮೆ ಹುಳ ಎರಡೇ.

ಎಪ್ಪತ್ತನೇ ಇಸವಿಯ ದೀಪಾವಳಿಯಂದು ಅವಳು, “ಸಂಜೀವ, ಕೊಟ್ಟಿಗೇಲಿ ಮೊಟ್ಟೆ ಇದ್ರೆ ನೋಡ್ಕಂಡ್ ಬಾರಪ್ಪಾ” ಎಂದು ಕಳಿಸಿದ್ದಳು. ಹೋದವನು ಬರಲೇ ಇಲ್ಲ. ಹಾವು ಗೀವು ಏನಾದರೂ ಎಂದು ಹೆದರಿ ಓಡಿ ಹೋಗಿ ನೋಡಿದರೆ, ಹೊಸ ಅಂಗಿಯಲ್ಲೇ ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದ. ಹುಲ್ಲು, ಕೋಳಿಪುಕ್ಕ, ಜೇಡರ ಬಲೆ ಎಲ್ಲ ತಲೆಯ ಮೇಲಿತ್ತು. “ಅಕ್ಕ, ಇದರೊಳಗೆ ಇನ್ನೂ ಜೀವ ಐತೆ ಕಣಕ್ಕ,” ಎಂದ. ಹೆಂಡತಿ ಸತ್ತ ಮೇಲೆ ಅವನ ಬಾಯಿಂದ ಅಷ್ಟು ಉದ್ದದ ಮಾತು ಬಂದದ್ದು ಅದೇ ಮೊದಲು.

ಮುಂದಿನ ಭಾನುವಾರ ಬಂದ. ಅದರ ಮುಂದಿನ ಭಾನುವಾರವೂ ಬಂದ. ಇಂಜಿನ್ನಿನೊಳಗೆ ಪಿಸ್ಟನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸೀಮೆಎಣ್ಣೆ ಸುರಿದು, ಗೋಣಿಚೀಲ ಮುಚ್ಚಿ, ವಾರಗಟ್ಟಲೆ ಬಿಟ್ಟು, ಕೊನೆಗೆ ಭಾವ, ಮೈದುನ ಇಬ್ಬರೂ ಸೇರಿ ಮರದ ಕೊರಡು ಇಟ್ಟು ಬಡಿದು ಬಿಡಿಸಿದರು. ಕಿಡಿ ಹೊತ್ತಿಸುವ ಮ್ಯಾಗ್ನೆಟೊ ಬಿಚ್ಚಿ ಅವನು ಬೆಂಗಳೂರಿಗೆ ಒಯ್ದು ಹೊಸ ತಂತಿ ಸುತ್ತಿಸಿ ತಂದ. ಗುಜರಿಯಲ್ಲಿ ಹುಡುಕಿ ಯಾವುದೋ ಪಂಪಿನ ಉಂಗುರಗಳನ್ನು ತಂದು, ಅರದಿಂದ ಉಜ್ಜಿ ಉಜ್ಜಿ ಕೂರಿಸಿದ. ಬಣ್ಣ ಮಾತ್ರ ಹೊಸದಾಗಿ ಬಳಿಯಲಿಲ್ಲ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದಾಗ ಕೊಳೆಯ ಅಡಿಯಲ್ಲಿ ಹಳೆಯ ಎಲೆಹಸಿರು ಹಾಗೇ ಇತ್ತು. ಆ ತಿಕ್ಕುವ ಕೆಲಸ ಮುನಿರಾಮಯ್ಯನದು. ವಾರವಿಡೀ ಹೊಲದ ಕೆಲಸದ ನಡುವೆ ಬಿಡುವಾದಾಗಲೆಲ್ಲ ಹೋಗಿ ತಿಕ್ಕುತ್ತಿದ್ದ. ಭಾನುವಾರ ಮೈದುನನಿಗೆ ತೋರಿಸಲು ಕಾಯುತ್ತಿದ್ದ.

ಸೊಣ್ಣಮ್ಮನಿಗೆ ಗಾಡಿಯ ವಿಷಯ ಏನೂ ತಿಳಿಯುತ್ತಿರಲಿಲ್ಲ. ಭಾನುವಾರ ಬೆಳಗಾದರೆ ಕೆರೆ ಏರಿಯ ಮೇಲೆ ಬಸ್ಸು ಬರುವ ಸದ್ದಿಗೆ ಅವಳ ಕಿವಿ ನೆಟ್ಟಗಾಗುತ್ತಿತ್ತು, ಅಷ್ಟೆ. ಒಲೆಯ ಮುಂದೆ ಕೂತು ಮುದ್ದೆ ತೊಳಸುವಾಗ ಅಂಗಳದಿಂದ ಗಂಡನ ನಗು, ತಮ್ಮನ ನಗು ಬೆರೆತು ಬರುವುದು. “ಬಾವ, ಬಿಡಿ, ಬಿಡಿ, ಬೆರಳು!” ಎನ್ನುವನು ಒಬ್ಬ. “ಬೆರಳು ಹೋದ್ರೆ ಹೋಗ್ಲಿ, ನಟ್ಟು ಹೋಗ್ಬಾರ್ದು ಬುಡು,” ಎನ್ನುವನು ಇನ್ನೊಬ್ಬ. ಗಾಡಿ ಎಂದೂ ಪೂರ್ತಿ ಸರಿಹೋಗದಿದ್ದರೂ ಅವಳಿಗೆ ಬೇಜಾರಿರಲಿಲ್ಲ.

ಆದರೆ ಸರಿಹೋಯಿತು. ಎಪ್ಪತ್ತೆರಡರ ಆಷಾಢದ ಒಂದು ಭಾನುವಾರ, ಸಂಜೀವಪ್ಪ ಹ್ಯಾಂಡಲು ಹಾಕಿ ತಿರುವಿದಾಗ ಅದು ಎರಡು ಸಲ ಕೆಮ್ಮಿ, ಬಿಳಿ ಹೊಗೆ ಕಾರಿ, ಟಪ್ ಟಪ್ ಎಂದು ಹಿಡಿದುಕೊಂಡಿತು. ಪಕ್ಕದ ಮನೆ ಬೈರಣ್ಣನ ಎತ್ತುಗಳು ಗೂಟ ಕಿತ್ತುಕೊಂಡು ಓಡಿದವು. ನಕ್ಕಿದ್ದ ಊರೆಲ್ಲ ಬಂದು ಸುತ್ತ ನಿಂತಿತು. ಸಂಜೀವಪ್ಪ ತಾನು ಹತ್ತಲಿಲ್ಲ. “ಬಾವ, ನೀವು ಕೂತ್ಕಳಿ,” ಎಂದ. ಮುನಿರಾಮಯ್ಯ ಹೆಗಲ ಮೇಲಿನ ಟವೆಲಿನಿಂದ ಸೀಟನ್ನು ಒಮ್ಮೆ ಒರೆಸಿದ. ತನ್ನ ಪಂಚೆಯ ಹಿಂಬದಿಯನ್ನೂ ಕೊಡವಿದ. ಕೂತ. ಕಣದ ಸುತ್ತ ಒಂದು ಸುತ್ತು ಬಂದಾಗ ಅವನ ಕೆನ್ನೆ ಒದ್ದೆಯಾಗಿತ್ತು. ಹೊಗೆ ಎಂದ.

ಆ ಸಂಜೆ ಬಸ್ಸಿಗೆ ಹೊರಡುವ ಮುಂಚೆ ಸಂಜೀವಪ್ಪ ಭಾವನನ್ನು ಕೂರಿಸಿಕೊಂಡು ಹೇಳಿದ. ಇಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ದಾಟಿಸುವ ಪೆಟ್ಟಿಗೆಯೊಳಗೆ ಒಂದು ಕಂಚಿನ ಹಲ್ಲುಚಕ್ರ ಇದೆ. ಅದರ ಹಲ್ಲು ಸವೆದು ತೆಳುವಾಗಿದೆ. “ಬೆಂಗ್ಳೂರೆಲ್ಲಾ ಹುಡುಕ್ದೆ ಬಾವ, ಅಂಥದ್ದು ಸಿಗಲ್ಲ. ಭಾರ ಎಳೆಸ್ಬೇಡಿ. ಹಿಂಗೇ ಕಣದಾಗೆ ಓಡಾಡ್ಸಿದ್ರೆ ನಮ್ ಕಾಲಕ್ಕೂ ಇರ್ತದೆ, ಮುಂದಿನೋರ ಕಾಲಕ್ಕೂ ಇರ್ತದೆ.” ಮುನಿರಾಮಯ್ಯ ತಲೆಯಾಡಿಸಿದ. ತಲೆಯಾಡಿಸುವಾಗ ಅವನ ಕಣ್ಣು ಮನೆಯ ಹಿಂದಿನ ಹಿಪ್ಪುನೇರಳೆ ಸಾಲುಗಳ ಮೇಲಿತ್ತು ಎಂಬುದನ್ನು ಸೊಣ್ಣಮ್ಮ ಕಂಡಿದ್ದಳು.

ಕೆಲವು ತಿಂಗಳು ಅವನು ಮಾತು ಉಳಿಸಿಕೊಂಡ. ಭಾನುವಾರ ಸಂಜೀವಪ್ಪ ಬಂದು ಗಾಡಿ ಹೊರಡಿಸುವನು, ಇಬ್ಬರೂ ಸರದಿಯಲ್ಲಿ ಕಣ ಸುತ್ತುವರು, ಮತ್ತೆ ಒರೆಸಿ ಗೋಣಿ ಹೊದಿಸುವರು. ಮರುವರ್ಷ ಮಳೆ ಬಿದ್ದು ಸಾಲುಗಳಲ್ಲಿ ಕಳೆ ಎದ್ದಿತು. ಮುನಿರಾಮಯ್ಯನ ಎತ್ತುಗಳಲ್ಲಿ ಒಂದಕ್ಕೆ ಕಾಲು ಊನವಾಗಿ ಜೋಡಿ ಮುರಿದಿತ್ತು. ಬೈರಣ್ಣನ ಎತ್ತುಗಳು ಬರಬೇಕಾದರೆ ಅವನ ಹೊಲ ಮುಗಿಯಬೇಕು. ಬಂದರೂ ಬಾಯಿಗೆ ಕುಕ್ಕೆ ಕಟ್ಟದಿದ್ದರೆ ಚಿಗುರನ್ನೆಲ್ಲ ಸವರಿಬಿಡುತ್ತಿದ್ದವು. ಹುಳ ಮೇಯುವ ಸೊಪ್ಪು, ಎತ್ತಿನ ಬಾಯಿ ಪಾಲಾದರೆ ಹೇಗೆ? ಒಂದು ಸೋಮವಾರ ಬೆಳಿಗ್ಗೆ ಸೊಣ್ಣಮ್ಮ ಸೊಪ್ಪು ಕೊಯ್ಯುತ್ತಿದ್ದಾಗ ಟಪ್ ಟಪ್ ಸದ್ದು ಕಣದಲ್ಲಿ ಸುತ್ತುವುದು ಬಿಟ್ಟು ತನ್ನ ಕಡೆಗೇ ಬರುತ್ತಿರುವುದು ಕೇಳಿಸಿತು. ಮುನಿರಾಮಯ್ಯ ಗಾಡಿಯ ಹಿಂದೆ ಕುಂಟೆ ಕಟ್ಟಿದ್ದ. ಎರಡು ಸಾಲಿನ ನಡುವೆ ಅಳತೆ ಮಾಡಿ ಇಟ್ಟ ಹಾಗೆ ಗಾಡಿ ಹೊಕ್ಕಿತು. ಒಂದು ಎಲೆ ಮುರಿಯಲಿಲ್ಲ. ಹಿಂದೆ ನೆಲ ಬಿರಿದು, ಕಳೆ ಮಗುಚಿಕೊಂಡು ಬಿತ್ತು. ಅವನು ಬೆನ್ನು ನೆಟ್ಟಗೆ ಮಾಡಿಕೊಂಡು, ಮುಂದೆಯೇ ನೋಡುತ್ತ, ಅವಳನ್ನು ದಾಟಿ ಹೋದ. ಅಷ್ಟು ವರ್ಷದ ಸಂಸಾರದಲ್ಲಿ ಅವನು ಅಷ್ಟು ಚೆಂದ ಕಂಡದ್ದಿಲ್ಲ. ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಆ ಶನಿವಾರ ಸಂಜೆ ಅವನು ಚೊಂಬು ಹಿಡಿದು ಹೊಂಗೆ ಮರದ ಕೆಳಗೆ ಹೋದಾಗ ಅವಳೇ ತೆಂಗಿನ ನಾರು ತಂದಳು. ಆಮೇಲೆ ಅದು ಪ್ರತಿ ಶನಿವಾರದ ಕೆಲಸವಾಯಿತು.

ಒಳಬದಿಯ ಮಣ್ಣನ್ನೂ ಬಿಡದೆ ಉಜ್ಜಿದ ಆ ಶನಿವಾರದ ಮರುದಿನ ಸಂಜೀವಪ್ಪ ಎಂದಿನಂತೆ ಬಂದ. ಬೇಲಿಯ ಮೇಲಿಂದಲೇ, “ಅಕ್ಕ, ಇವತ್ತು ಕೋಳಿ ಸಾರಾ?” ಎಂದು ಕೂಗಿದ. ಗಾಡಿ ಹೊರಡಿಸಿದ. ಕಣದಲ್ಲಿ ಅರ್ಧ ಸುತ್ತು ಹೋದವನು ನಿಲ್ಲಿಸಿಬಿಟ್ಟ. ತಲೆ ಓರೆ ಮಾಡಿ ಕೇಳಿದ. ಇಳಿದು, ಕೆಳಗೆ ಮಲಗಿ, ಪೆಟ್ಟಿಗೆಯ ತಳದ ಬಿರಡೆ ಬಿಚ್ಚಿ, ಎಣ್ಣೆಯನ್ನು ಒಂದು ಹಳೆಯ ತಟ್ಟೆಗೆ ಬಸಿದ. ತಟ್ಟೆಯನ್ನು ಬಿಸಿಲಿಗೆ ಹಿಡಿದಾಗ ಕಪ್ಪು ಎಣ್ಣೆಯೊಳಗೆ ಸಣ್ಣಗೆ, ಚಿನ್ನದ ಪುಡಿಯ ಹಾಗೆ, ಸವೆದ ಹಲ್ಲಿನ ಕಂಚು ಮಿಂಚಿತು.

“ಬಾವ, ಹೊಲಕ್ಕಿಳಿಸಿದ್ರಾ?”

ಮುನಿರಾಮಯ್ಯ ಬಗ್ಗಿ ತಟ್ಟೆಯನ್ನು ನೋಡಿದ. “ಇಳಿಸ್ದೆ. ಹೊಲಕ್ಕಿಳಿಯೋಕೇ ಅಲ್ವಾ ಮಾಡಿರೋದು ಅದನ್ನ?”

“ಬೇಡ ಅಂದಿದ್ನಲ್ಲ.”

“ಅಂದಿದ್ದೆ.”

ಸಂಜೀವಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಡೆ ತಿರುಗಿದ. “ಅಕ್ಕ, ನಿಂಗೊತ್ತಿತ್ತಾ?”

ಗೊತ್ತಿರಲಿಲ್ಲ ಎಂದುಬಿಡಬಹುದಿತ್ತು. “ನಾನೇ ತೊಳೀತಿದ್ದೆ ಕಣಪ್ಪಾ,” ಎಂದಳು ಸೊಣ್ಣಮ್ಮ.

ಅವನ ಮುಖ ಸಣ್ಣ ಹುಡುಗನ ಮುಖದ ಹಾಗಾಯಿತು. ತಟ್ಟೆಯನ್ನು ಕೆಳಗಿಟ್ಟ. “ಎರಡು ವರ್ಷ ಬಾವ. ಕಾರ್ಖಾನೇಲಿ ನಾನು ಮಾಡೋದೇನು ಗೊತ್ತಾ? ಬೆಳಗಿಂದ ಸಂಜೇಗಂಟ ಬಿಲ್ಲೆಗೆ ತೂತು ಕೊರೆಯೋದು. ಆ ಬಿಲ್ಲೆ ಎಲ್ಲಿಗೋಗ್ತದೆ, ಯಾವುದ್ರೊಳಗೆ ಕೂತ್ಕಂತದೆ, ನಂಗೊತ್ತಿಲ್ಲ. ಇದೊಂದೇ ನಾನು ಮೊದ್ಲಿಂದ ಕೊನೇಗಂಟ ನೋಡಿದ್ದು. ಇದೊಂದನ್ನಾದ್ರೂ ಇರೋ ಹಂಗೇ ಇರಾಕೆ ಬಿಡಬೋದಿತ್ತು.”

“ಇರೋ ಹಂಗೇ ಇಟ್ಕಂಡು ಏನ್ ಮಾಡಾನ? ಪೂಜೆ ಮಾಡಾನಾ?” ಮುನಿರಾಮಯ್ಯನ ದನಿ ಏರಿತು. “ನಂದೂ ಒಂದ್ ಮಾತು ಕೇಳು. ಆ ದೊರೆ ತೋಟದಾಗೆ ವರ್ಷಗಟ್ಲೆ ಇದರ ಹಿಂದೆ ನಡೆದಿವ್ನಿ. ತೊಳೆಯೋನು ನಾನು, ಒರೆಸೋನು ನಾನು. ಒಂದು ದಿವ್ಸ ಹತ್ತಿ ಕೂತ್ಕಳಲಾ ಅಂದೋರಿಲ್ಲ. ಈಗ ನನ್ ಹಟ್ಟಿ ಮುಂದೇನೇ ನಿಂತದೆ. ಈಗ್ಲೂ ತೊಳಿ, ಒರೆಸು, ಗೆಯ್ಸಬೇಡ ಅಂತೀಯ. ನೀನೂ ದೊರೇನೇ ಆಗ್ಬಿಟ್ಯಲ್ಲಯ್ಯಾ.”

“ಹಲ್ಲು ಹೋದ್ರೆ ಎಲ್ಲಿಂದ ತರ್ತೀಯಾ ನೀನು?” ಎಂದ ಸಂಜೀವಪ್ಪ. ಅವನು ಭಾವನಿಗೆ ಎಂದೂ ನೀನು ಅಂದವನಲ್ಲ.

“ಹೋದ್ರೆ ಹೋಗ್ಲಿ. ಗೆಯ್ದು ಸಾಯ್ಲಿ. ಎತ್ತು ಸಾಯಲ್ವಾ?”

“ಎತ್ತಂತೆ! ಕೋಳಿ ಮೊಟ್ಟೆ ಇಕ್ತಿತ್ತು ಇದರೊಳಗೆ, ನಾನು ಕೈ ಹಾಕೋವಾಗ.”

“ಕೋಳೀನೂ ನಂದೇ, ಮೊಟ್ಟೇನೂ ನಂದೇ, ಗಾಡೀನೂ ನಂದೇ.”

“ಗಾಡಿ ನಿಂದಿರಬೋದು. ಅದರ ಜೀವ ಯಾರು ತಂದಿದ್ದು?”

ಬೇಲಿಯಾಚೆ ಬೈರಣ್ಣನ ಮನೆಯವರು ಬಂದು ನಿಂತಿದ್ದರು. ಒಳಗೆ ಸಾರು ತಳ ಹಿಡಿದ ವಾಸನೆ ಬಂತು. ಸೊಣ್ಣಮ್ಮನಿಗೆ ತಡೆಯಲಾಗಲಿಲ್ಲ. “ಥೂ, ಸಾಕು ನಿಲ್ಸಿ! ನಂದು ನಿಂದು ಅಂತ ಅಷ್ಟು ಇದ್ರೆ ಎರಡು ಪಾಲು ಮಾಡ್ಕಳಿ. ಅವನ ಪಾಲು ಅವನು ಹೊತ್ಕಂಡೋಗ್ಲಿ, ನಿಮ್ಮ ಪಾಲು ನೀವಿಕ್ಕಳಿ. ನನ್ ಹಟ್ಟಿ ಮುಂದೆ ಈ ಕೂಗಾಟ ಬೇಡ!”

ಮಾವಿನಹಣ್ಣಿಗೆ ಕಿತ್ತಾಡುವ ಮಕ್ಕಳಿಗೆ ತಾಯಿ, ಕೊಡ್ರಿಲ್ಲಿ ತಿಪ್ಪೆಗೆ ಬಿಸಾಕ್ತೀನಿ ಎನ್ನುವುದಿಲ್ಲವೇ, ಹಾಗೆ ಅಂದದ್ದು ಅವಳು. ಅಂದವಳೇ ಒಳಗೆ ಓಡಿ ಒಲೆಯಿಂದ ಪಾತ್ರೆ ಇಳಿಸಿದಳು. ಸೌಟು ಹಾಕಿ ಕೆದಕಿ, ಹೊತ್ತಿದ್ದೆಷ್ಟು ಉಳಿದದ್ದೆಷ್ಟು ನೋಡಿದಳು. ಹೊರಗೆ ಮಾತು ನಿಂತಿತ್ತು. ಸಮಾಧಾನವಾಯಿತು ಎಂದುಕೊಂಡಳು. ಆಮೇಲೆ ಸ್ಪ್ಯಾನರು ಕಬ್ಬಿಣಕ್ಕೆ ತಾಗುವ ಸದ್ದು ಕೇಳಿಸಿತು.

ಹೊರಗೆ ಬಂದಾಗ ಸಂಜೀವಪ್ಪ ಪೆಟ್ಟಿಗೆಯ ಬೋಲ್ಟುಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದ. ಮುನಿರಾಮಯ್ಯ ಅವನ ಎದುರು ಕುಕ್ಕರುಗಾಲಲ್ಲಿ ಕೂತು ಬಿಚ್ಚಿದ ಭಾಗ ಜಾರದಂತೆ ಹಿಡಿದುಕೊಂಡಿದ್ದ. ಎರಡು ವರ್ಷದ ಅಭ್ಯಾಸ. ಅವನು ಕೈ ಚಾಚುವ ಮೊದಲೇ ಇವನು ಕೊಡುತ್ತಿದ್ದ.

“ಏ, ನಾನು ಬಾಯಿಮಾತಿಗೆ ಅಂದಿದ್ದು ಕಣ್ರೋ,” ಎಂದಳು ಸೊಣ್ಣಮ್ಮ. ಸ್ಪ್ಯಾನರು ನಿಲ್ಲಲಿಲ್ಲ.

“ಇಂಜಿನ್ನು ನಿಂದು. ಬಾವಿಗೆ ಪಂಪು ಹಾಕ್ಕ, ಗೆಯ್ಸು,” ಎಂದ ಸಂಜೀವಪ್ಪ ಕೊನೆಗೆ. ಕಂಚಿನ ಚಕ್ರವಿದ್ದ ಪೆಟ್ಟಿಗೆಯನ್ನು ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿದ. ಹೊತ್ತುಕೊಳ್ಳಲು ಭಾರವಾಗಿತ್ತು, ಮುನಿರಾಮಯ್ಯ ಎತ್ತಿ ಅವನ ಹೆಗಲಿಗೇರಿಸಿದ. ಉಣ್ಣದೆ ಹೊರಟ. ಸೊಣ್ಣಮ್ಮ ಬೇಲಿಯವರೆಗೆ ಹಿಂದೆ ಹೋಗಿ, “ಸಂಜೀವ, ಒಂದು ತುತ್ತು ಉಂಡೋಗೋ,” ಎಂದಳು. “ಬಸ್ಸು ಹೋಗ್ತದೆ ಅಕ್ಕ,” ಎಂದ. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಗೌರಿ ಹಬ್ಬಕ್ಕೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಅರಿಶಿನ ಕುಂಕುಮ, ಒಂದು ಸೀರೆ ಕಳಿಸಿದ. ತವರಿನ ಬಾಗಿನವನ್ನು ಸೊಣ್ಣಮ್ಮ ಹೀಗೆ ಗುರುತಿಲ್ಲದವನ ಕೈಯಿಂದ ಇಸಿದುಕೊಂಡಳು. “ಚೆನ್ನಾಗಿದೀವಿ ಅಂತ ಹೇಳಪ್ಪಾ,” ಎಂದಳು.

ಇಂಜಿನ್ನು ಬಾವಿಯ ದಡ ಸೇರಿತು. ಮುನಿರಾಮಯ್ಯ ಅದಕ್ಕೆ ಪಟ್ಟಿ ಹಾಕಿ ಪಂಪು ಕೂಡಿಸಿದ. ನೀರೇನೋ ಬರುತ್ತಿತ್ತು. ಅದು ಓಡುವಾಗ ಅವನು ಅದರ ಹತ್ತಿರ ಕೂರುತ್ತಿರಲಿಲ್ಲ; ಹೊರಡಿಸಿ, ದೂರದ ಬದುವಿಗೆ ಹೋಗಿ ನೀರು ತಿರುಗಿಸುತ್ತಿದ್ದ. ಸಾಲಿನ ಕಳೆಗೆ ಮತ್ತೆ ಬೈರಣ್ಣನ ಎತ್ತುಗಳೇ ಬಂದವು, ಕುಕ್ಕೆ ಕಟ್ಟಿಕೊಂಡು. ಒಂದೆರಡು ಸಲ ಸೊಣ್ಣಮ್ಮ, “ನೀವೇ ಒಂದ್ಸಲ ಹೋಗಿ ಕರೆದ್ರೆ ಬತ್ತಾನೆ,” ಎಂದು ನೋಡಿದಳು. “ಬರೋನಾದ್ರೆ ದಾರಿ ಗೊತ್ತಿಲ್ವಾ,” ಎಂದ ಅವನು. ಇನ್ನೊಮ್ಮೆ ಮಡಿಯುಟ್ಟು, ಟವೆಲು ಹಾಕಿಕೊಂಡು ಬಸ್ಸಿಗೆ ಹೊರಟವನು ಕೆರೆ ಏರಿಯಿಂದಲೇ ವಾಪಸು ಬಂದ. ಯಾಕೆಂದು ಅವಳು ಕೇಳಲಿಲ್ಲ.

ಹೊಂಗೆ ಮರದ ಕೆಳಗೆ ಉಳಿದದ್ದು ಬರಿಯ ಗಾಡಿಯ ಮೈ. ಎರಡು ಪುಟ್ಟ ಚಕ್ರ, ಎರಡು ದೊಡ್ಡ ಚಕ್ರ, ಸೀಟು, ನಡುವೆ ಹೊಟ್ಟೆ ಬಗೆದ ಹಾಗೆ ಖಾಲಿ ಜಾಗ. ಮಳೆ ಬಿದ್ದಾಗ ಸೀಟಿನಲ್ಲಿ ನೀರು ನಿಲ್ಲುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಮೊದಲು ಕಣ್ಣಿಗೆ ಬೀಳುವುದು ಅದೇ. ತಾನಾಡಿದ ಮಾತು ಕೈಕಾಲು ಬಂದು ಅಲ್ಲಿ ನಿಂತಿದೆ ಎನ್ನಿಸುತ್ತಿತ್ತು ಸೊಣ್ಣಮ್ಮನಿಗೆ. ಬಾಗಿಲಿಗೆ ನೀರು ಹಾಕುವಾಗ ಆ ಕಡೆ ಬೆನ್ನು ಮಾಡಿ ರಂಗೋಲಿ ಬಿಡಲು ಕಲಿತಳು.

ಮಾರನೆಯ ಬೇಸಿಗೆಯಲ್ಲಿ ಗುಜರಿಯವನೊಬ್ಬ ಎತ್ತಿನ ಗಾಡಿ ಹೊಡೆದುಕೊಂಡು ಬಂದ. ಮುನಿರಾಮಯ್ಯ ರೇಷ್ಮೆಗೂಡು ಮಾರಲು ಹತ್ತಿರದ ವಿಜಯಪುರದ ಮಾರುಕಟ್ಟೆಗೆ ಹೋಗಿದ್ದ. “ಅಮ್ಮಾ, ಆ ಕಬ್ಬಿಣ ಕೊಡ್ತೀರಾ?” ಎಂದು ಕೇಳಿದ. ಇಲ್ಲ ಎನ್ನಲು ಅವಳು ಬಾಯಿ ತೆರೆದಳು. “ತಗಂಡೋಗಪ್ಪಾ,” ಎಂದಳು. ಒಬ್ಬನೇ ಎತ್ತಲಾಗದೆ ಅವನು ದೊಡ್ಡ ಸುತ್ತಿಗೆ ತಂದು ಅಲ್ಲೇ ಒಡೆಯತೊಡಗಿದ. ಬೀಡು ಕಬ್ಬಿಣ, ಏಟು ಬಿದ್ದಲ್ಲಿ ಮಡಕೆಯ ಹಾಗೆ ಬಿರಿಯಿತು. ಸೊಣ್ಣಮ್ಮ ಒಳಗೆ ಹೋಗಿ ಕದ ಹಾಕಿಕೊಂಡಳು. ಸದ್ದು ಕದದ ಒಳಗೂ ಬಂತು. ನಿಲ್ಲಿಸು ಎಂದು ಹೊರಗೆ ಹೋಗುವುದಾದರೆ ಮೊದಲ ಏಟಿಗೇ ಹೋಗಬೇಕಿತ್ತು. ಗುಜರಿಯವನು ಕಬ್ಬಿಣಕ್ಕೆ ಬದಲಾಗಿ ಜಗಲಿಯ ಮೇಲೆ ಒಂದು ಸ್ಟೀಲಿನ ಡಬರಿ ಇಟ್ಟು ಹೋದ. ಸಂಜೆ ಬಂದ ಮುನಿರಾಮಯ್ಯ ಹೊಂಗೆ ಮರದ ಕೆಳಗೆ ನಿಂತ. “ಆಗ್ಲಿ ಬಿಡು,” ಎಂದ. ಡಬರಿಯನ್ನು ಸೊಣ್ಣಮ್ಮ ಅಟ್ಟಕ್ಕೆ ಹಾಕಿದಳು.

ಆ ವರ್ಷ ಕಾರ್ತಿಕದಲ್ಲಿ, ಭಾನುವಾರವಲ್ಲದ ಒಂದು ದಿನ, ಸಂಜೀವಪ್ಪ ಬಂದ.

ಸೊಣ್ಣಮ್ಮ ಜಗಲಿಯ ಮೇಲೆ ಸೊಪ್ಪು ಹರಡಿಕೊಂಡು ಕೂತಿದ್ದಳು. ಹುಳಗಳು ಕೊನೆಯ ಜ್ವರದಲ್ಲಿ ಪೊರೆ ಬಿಟ್ಟು ಎದ್ದು ಹಸಿದಿದ್ದವು. ಹೊತ್ತುಹೊತ್ತಿಗೆ ಸೊಪ್ಪು ಹಾಕಲೇಬೇಕು. ತಲೆಯೆತ್ತಿ ನೋಡಿದರೆ ತಮ್ಮ. ಕಿವಿಯ ಹತ್ತಿರ ಕೂದಲು ನರೆತಿತ್ತು. ಕೈಯಲ್ಲಿ ಚೀಲ. ಅವನು ಚಪ್ಪಲಿ ಬಿಟ್ಟು ಅವಳ ಎದುರು ಕೂತು, ಚೀಲದಿಂದ ಬಟ್ಟೆ ಸುತ್ತಿದ ಒಂದು ವಸ್ತು ತೆಗೆದ. ಬಿಚ್ಚಿದ. ತಾಂಬೂಲದ ತಟ್ಟೆಯಷ್ಟಗಲದ ಹಲ್ಲುಚಕ್ರ. ಹೊಸದು. ಹೊಂಬಣ್ಣಕ್ಕೆ ಹೊಳೆಯುತ್ತಿತ್ತು.

“ಎರಕ ಹುಯ್ಯೋರು ಒಬ್ರು ಸಿಕ್ಕಿದ್ರು ಅಕ್ಕ. ಹಳೇದ್ನ ಮಾದರಿ ಇಟ್ಕಂಡು ಹುಯ್ಸಿದೆ. ದಿನದ್ ಕೆಲಸ ಮುಗಿದ್ ಮೇಲೆ ಕಾರ್ಖಾನೇಲೇ ಕೂತು ಹಲ್ಲು ಕೊರೆದೆ. ಸೂಪರ್‌ವೈಸರು ಒಪ್ಪಿದ್ರು. ಮೊದಲ್ನೇದು ಕೆಡ್ತು, ಎರಡ್ನೇದೂ ಕೆಡ್ತು. ಹಲ್ಲು ಒಂಚೂರು ದಪ್ಪ ಮಾಡಿವ್ನಿ.” ಅವನು ಚಕ್ರವನ್ನು ಅಂಗೈಯ ಮೇಲೆ ತಿರುಗಿಸಿದ. “ಬಾವ ಎಷ್ಟು ಗೆಯ್ಸಿದ್ರೂ ಈಗ ತಡೀತದೆ. ಗೆಯ್ಸಲಿ ಅಂತ್ಲೇ ಮಾಡಿದ್ದು. ಪೆಟ್ಟಿಗೇನ ಮುಂದಿನ್ ವಾರ ತರ್ತೀನಿ, ಇವತ್ತು ಎರಡೂ ಹೊರೋಕಾಗ್ಲಿಲ್ಲ. ಗಾಡಿ ಮೈ ಎಲ್ಲಿಟ್ಟಿದೀರಾ? ಕೊಟ್ಟಿಗೇಲಾ?”

ಸೊಣ್ಣಮ್ಮ ಮಡಿಲಿನ ಸೊಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಗುಜರಿಯೋನಿಗೆ ಕೊಟ್ಬಿಟ್ಟೆ ಕಣಪ್ಪಾ,” ಎಂದಳು. “ನಾನೇ ಕೊಟ್ಟೆ. ನಿಮ್ ಬಾವ ಇರ್ಲಿಲ್ಲ. ನೋಡಾಕಾಗ್ಲಿಲ್ಲ ನನ್ ಕೈಲಿ.”

ಅವನು ಹೊಂಗೆ ಮರದ ಕಡೆ ತಿರುಗಿ ನೋಡಿದ. ಅಲ್ಲಿ ಎಣ್ಣೆ ಕುಡಿದು ಕಪ್ಪಾದ ನೆಲದಲ್ಲಿ ಒಂದಿಷ್ಟು ಜಾಗ ಹುಲ್ಲು ಹುಟ್ಟದೆ ಉಳಿದಿತ್ತು. ಕೋಪ ಮಾಡಿಕೊಂಡರೆ ಸಾಕು, ಬೈದರೆ ಸಾಕು ಎಂದು ಅವಳು ಕಾದಳು. “ಹೌದಾ,” ಎಂದ. ಎದ್ದು, “ಬಾವ ಎಲ್ಲಿ?” ಎಂದ.

“ಬಾವಿ ತಾವ.”

ಅವನು ಚಕ್ರವನ್ನು ಹಿಡಿದುಕೊಂಡೇ ಹೋದ. ಸೊಣ್ಣಮ್ಮ ಎದ್ದು ಮನೆಯ ಮೂಲೆಗೆ ಬಂದು ನಿಂತಳು. ಬಾವಿ ದೂರವಿರಲಿಲ್ಲ. ಇಂಜಿನ್ನು ಓಡುತ್ತಿತ್ತು, ಸದ್ದು ಒಡೆದಿತ್ತು. ಸಂಜೀವಪ್ಪ ಮೊದಲು ಅದರ ಹತ್ತಿರ ಬಗ್ಗಿ ಏನೋ ಒಂದನ್ನು ತಿರುವಿದ, ಸದ್ದು ತಿಳಿಯಾಯಿತು. ಬದುವಿನಲ್ಲಿದ್ದ ಮುನಿರಾಮಯ್ಯ ಅದನ್ನು ಕೇಳಿಯೇ ತಲೆಯೆತ್ತಿದ. ಸನಿಕೆ ಬಿಟ್ಟು ಬಂದ. ಇಬ್ಬರೂ ಎದುರುಬದುರು ನಿಂತರು. ಮುನಿರಾಮಯ್ಯ ಇಂಜಿನ್ನು ನಿಲ್ಲಿಸಿದ. ಕೆಸರಿನ ಕೈಯನ್ನು ಕಾಲುವೆಯಲ್ಲಿ ತೊಳೆದು, ಟವೆಲಿಗೆ ಒರೆಸಿ, ಚಕ್ರವನ್ನು ಇಸಿದುಕೊಂಡ.

“ನೀನೇ ಮಾಡ್ದಾ?”

“ಹೂಂ.”

ಮುನಿರಾಮಯ್ಯ ಒಂದೊಂದು ಹಲ್ಲನ್ನೂ ಹೆಬ್ಬೆರಳಿನಿಂದ ಮುಟ್ಟುತ್ತ ಪೂರ್ತಿ ಒಂದು ಸುತ್ತು ಬಂದ. “ಗೆಯ್ಯಬೋದಾಗಿತ್ತು ಅನ್ನು.”

“ಗೆಯ್ಯಬೋದಾಗಿತ್ತು ಬಾವ.”

“ಮೈ ಇಲ್ವಲ್ಲಯ್ಯಾ. ತುಕ್ಕು ಹಿಡೀತಿತ್ತು ಅಂತ ನಾನೇ ಗುಜರಿಗೆ ಹಾಕ್ಬಿಟ್ಟೆ. ನಿಮ್ಮಕ್ಕ ಬೇಡ ಬೇಡ ಅಂದ್ಲು. ನಾನೇ ಕೇಳ್ಲಿಲ್ಲ.”

ಸಂಜೀವಪ್ಪ ನೆಲ ನೋಡಿದ. “ಆಗ್ಲಿ ಬಿಡಿ ಬಾವ,” ಎಂದ.

ಮೂಲೆಯಲ್ಲಿ ನಿಂತು ಇಬ್ಬರ ಮಾತೂ ಕೇಳಿಸಿಕೊಂಡ ಸೊಣ್ಣಮ್ಮ ಮುದ್ದೆಗೆ ಎಸರಿಡಲು ಒಳಗೆ ಹೋದಳು.

ಆ ದಿನ ಅವನು ಉಂಡ. ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಉಂಡರು. ಮಳೆ, ಗೂಡಿನ ಧಾರಣೆ, ಹೊಸಕೋಟೆಯ ಮಗಳು ಬಸುರಿಯಾಗಿರುವುದು ಎಲ್ಲ ಮಾತಾಡಿದರು. ಚಕ್ರ ಅವರ ನಡುವೆ ಬಟ್ಟೆಯ ಮೇಲಿತ್ತು. ಅದರ ಮಾತು ಯಾರೂ ಎತ್ತಲಿಲ್ಲ. ಹೊರಡುವಾಗ ಸಂಜೀವಪ್ಪ ಅದನ್ನು ಬಿಟ್ಟು ಏಳಲು ನೋಡಿದ. ಮುನಿರಾಮಯ್ಯ ಬಟ್ಟೆ ಸುತ್ತಿ ಅವನ ಚೀಲಕ್ಕೇ ಹಾಕಿದ. “ನಿನ್ ಕೈ ಕೆಲಸ. ನಿನ್ ತಾವ ಇರ್ಲಿ.”

“ಇನ್ನೇನ್ ಮತ್ತೆ, ಬರ್ತಾ ಇರಪ್ಪಾ,” ಎಂದಳು ಸೊಣ್ಣ‍ಮ್ಮ.

“ಬರ್ತೀನಿ ಅಕ್ಕ. ರಜ ನೋಡ್ಕಂಡು ಬರ್ತೀನಿ,” ಎಂದ. ಮೊದಲಾಗಿದ್ದರೆ ಭಾನುವಾರ ಬರ್ತೀನಿ ಎನ್ನುತ್ತಿದ್ದ.

ಮುನಿರಾಮಯ್ಯ ಬಸ್ಸಿನವರೆಗೆ ಕಳಿಸಲು ಹೋದ. ಸೊಣ್ಣಮ್ಮ ಬೇಲಿಯ ಹತ್ತಿರ ನಿಲ್ಲಲಿಲ್ಲ. ಹುಳುವಿಗೆ ಹೊತ್ತು ಮೀರಿತ್ತು. ಹುಳದ ಮನೆಯ ಅರೆಗತ್ತಲೆಯಲ್ಲಿ ತಟ್ಟೆಗಳು ಒಂದರ ಮೇಲೊಂದು ಅಟ್ಟಣಿಗೆಯ ತುಂಬ ಇದ್ದವು. ಹುಳುಗಳು ತಲೆಯೆತ್ತಿ ಸೊಪ್ಪಿಗೆ ತಡಕಾಡುತ್ತಿದ್ದವು. ಅವಳು ಸೊಪ್ಪು ತುಂಬಿದ ಮಂಕರಿ ಸೊಂಟಕ್ಕೆ ಒತ್ತಿಕೊಂಡು ಒಂದೊಂದೇ ತಟ್ಟೆ ಎಳೆದು ಸೊಪ್ಪು ಹಾಸಿದಳು. ಕೆರೆ ಏರಿಯ ಕಡೆಯಿಂದ ಬಸ್ಸಿನ ಹಾರನ್ನು ಕೇಳಿಸಿತು. ಬಸ್ಸು ನಿಂತಿತು, ಹೊರಟಿತು, ದೂರವಾಯಿತು. ಕೈ ತನ್ನ ಪಾಡಿಗೆ ತಾನು ಹಾಸುತ್ತಲೇ ಇತ್ತು. ಮಂಕರಿ ಬರಿದಾದಾಗ ನೋಡಿದಳು. ಒಂದೇ ತಟ್ಟೆಗೆ ಎರಡು ಸಲ ಹಾಕಿದ್ದಳು. ಅದರ ಕೆಳಗಿನ ತಟ್ಟೆ ಖಾಲಿ ಉಳಿದಿತ್ತು. ಮೇಲಿನ ಸೊಪ್ಪನ್ನು ತೆಗೆದು ಕೆಳಗೆ ಹಾಕೋಣವೆಂದು ಒಂದು ಎಲೆಯ ತೊಟ್ಟು ಹಿಡಿದು ಎತ್ತಿದಳು. ಎಲೆಯ ಅಂಚಿಗೆ ಹುಳು ಆಗಲೇ ಕಚ್ಚಿಕೊಂಡಿತ್ತು. ಎಲೆಯ ಜೊತೆಗೇ ಮೇಲೆ ಬಂತು, ಬಿಡಲಿಲ್ಲ. ಅವಳು ಅದನ್ನು ಮೆಲ್ಲಗೆ ಇದ್ದಲ್ಲೇ ಇಟ್ಟು, ಮಂಕರಿ ಎತ್ತಿಕೊಂಡು, ಮತ್ತೆ ಸೊಪ್ಪು ಕೊಯ್ಯಲು ತೋಟಕ್ಕೆ ನಡೆದಳು.